ಜೋಡಿಯಾಟ

‘ನನ್ನ ಹುಡುಗಿಗೆ ವಿಡಿಯೋ ಗೇಮ್ ಅಂದ್ರೆ ಆಗಲ್ಲ ಗುರೂ’ ಅಂತ ಗೋಳಾಡ್ತೀರಲ್ಲ, ನಾನು ಕೇಳ್ತೀನಿ: ಆಕೆಗೆ ಆಡೋಕೆ ಕೊಟ್ಟಿದ್ದೀರಾ, ಇಲ್ಲ ಪಕ್ಕದಲ್ಲಿ ಕೂರಿಸಿ ನಿಮ್ಮ ಪ್ರತಾಪ ತೋರಿಸಿದ್ದೀರಾ?

ಸ್ವೀಡನ್ನಿನ ಜೋಸೆಫ್ ಫಾರೆಸ್ ನಮ್ಮ ಸಿನಿಮಾ ಬಳಗದವನೇ; 2000ರಲ್ಲಿ ‘ಜಲ್ಲಾ! ಜಲ್ಲಾ!’ ಚಿತ್ರ ನಿರ್ದೇಶಿಸಿದಾತ. ಆಮೇಲೆ ಗೇಮಿಗೆ ಹಾರಿದ. 2021ರಲ್ಲಿ ಬಂದ ಈತನ ‘ಇಟ್ ಟೇಕ್ಸ್ ಟೂ’ ಒಬ್ಬರೇ ಆಡೋಕೆ ಬರೋದೇ ಇಲ್ಲ! ವಿಚ್ಛೇದನಕ್ಕೆ ಹೊರಟ ಗಂಡ-ಹೆಂಡತಿ ಗೊಂಬೆಗಳಾಗುವ ಕಥೆ. ಒಂದು ಕಡೆ ಅವನ ಕೈಲಿ ಮೊಳೆ, ಅವಳ ಕೈಲಿ ಸುತ್ತಿಗೆ. ಅವನು ಎಸೆದು ನೆಟ್ಟ ಮೊಳೆಗೆ ಸುತ್ತಿಗೆ ಸಿಕ್ಕಿಸಿ, ಅವಳು ಜೋತಾಡಿ ದಾಟಬೇಕು. ಒಬ್ಬನೇ ಹೀರೋ ಆಗಹೊರಟರೆ ಇಬ್ಬರೂ ಗೋತಾ!

ಆದ್ದರಿಂದ ತಮ್ಮಂದಿರೇ, ಆಕೆ ತಡವರಿಸಿದರೆ ಕೈಯಿಂದ ಕಿತ್ಕೋಬೇಡಿ. ನಾಳೆ ಆಕೆ ರಂಗೋಲಿಗೆ ಕರೆದರೆ ನೀವೂ ಚುಕ್ಕಿ ಇಡಿ, ವಕ್ರವಾದರೂ ಸರಿಯೇ. ಇಲ್ಲದಿದ್ದರೆ ನಿಮ್ಮ ಪ್ರೇಮಕಥೆ ಇಂಟರ್‌ವಲ್ಲಿಗೇ ‘ಶುಭಂ’!