ಜಸ್ಪಾಲ್ ಭಟ್ಟಿ: ನಡುಮನೆಯಿಂದ ಹೊರಟ ವಿಡಂಬನೆ

‘ಫ್ಲಾಪ್ ಶೋ’ ದೂರದರ್ಶನದಲ್ಲಿ ಪ್ರಸಾರವಾದದ್ದು 1989ರಲ್ಲಿ, ಒಟ್ಟು 10 ಕಂತು ಮಾತ್ರ. ಅದನ್ನು ನಿರ್ದೇಶಿಸಿ ಮುಖ್ಯ ಪಾತ್ರವನ್ನೂ ವಹಿಸಿದ ಜಸ್ಪಾಲ್ ಭಟ್ಟಿ (1955–2012) ಅಮೃತಸರದಲ್ಲಿ ಹುಟ್ಟಿ, ಚಂಡೀಗಡದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ಕಾಲೇಜಿನ ದಿನಗಳಲ್ಲೇ ‘ನಾನ್‌ಸೆನ್ಸ್ ಕ್ಲಬ್’ ಕಟ್ಟಿಕೊಂಡು ಬೀದಿ ನಾಟಕ ಆಡಿದ್ದರು. ‘ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದಿದ್ದರು. ದೂರದರ್ಶನದ ಬೆಳಗಿನ ಹೊತ್ತಿನಲ್ಲಿ ಬರುತ್ತಿದ್ದ ‘ಉಲ್ಟಾ ಪುಲ್ಟಾ’ ಎಂಬ ಪುಟ್ಟ ತುಣುಕುಗಳು ಅವರನ್ನು ದೇಶಕ್ಕೆಲ್ಲ ಪರಿಚಯಿಸಿದವು.

‘ಫ್ಲಾಪ್ ಶೋ’ದ ಕಥೆಗಳಲ್ಲಿ ಗಂಡ ದೊಡ್ಡ ಕಳ್ಳನಲ್ಲ, ಹೆಂಡತಿ ಗಯ್ಯಾಳಿಯಲ್ಲ. ಸಂಬಳದ ಮೇಲೆ ಬದುಕುವ ಸಾಧಾರಣ ಸಂಸಾರ ಅದು. ಹೆಂಡತಿಯ ಪಾತ್ರದಲ್ಲಿದ್ದವರು ಭಟ್ಟಿಯವರ ಪತ್ನಿ ಸವಿತಾ. ಧಾರಾವಾಹಿಯ ನಿರ್ಮಾಪಕಿಯೂ ಅವರೇ. ಆಸ್ಪತ್ರೆ ಖರ್ಚಿನ ಹೆಸರಿನಲ್ಲಿ ಸುಳ್ಳು ಬಿಲ್ಲು ಮಾಡಿಸಿ ಕಚೇರಿಯಿಂದ ಹಣ ಪಡೆಯುವ ನೌಕರರು, ಸಂಶೋಧನಾ ವಿದ್ಯಾರ್ಥಿಯನ್ನು ಮನೆಗೆಲಸಕ್ಕೆ ಹಚ್ಚುವ ಪ್ರಾಧ್ಯಾಪಕ, ಕಳಪೆ ಕಟ್ಟಡ ಕಟ್ಟುವ ಗುತ್ತಿಗೆದಾರ, ಕೆಟ್ಟು ಕೂತ ದೂರವಾಣಿ, ಮುಗಿಯದ ಸಭೆಗಳು – ಇವೇ ಅಲ್ಲಿನ ವಸ್ತು. ಪ್ರತಿ ಕಂತನ್ನೂ ಅದರಲ್ಲಿ ಗೇಲಿಗೊಳಗಾದ ವೃತ್ತಿಯವರಿಗೇ ಅರ್ಪಿಸಲಾಗುತ್ತಿತ್ತು. ಕೊನೆಯಲ್ಲಿ ಜನಪ್ರಿಯ ಸಿನಿಮಾ ಹಾಡಿನ ಧಾಟಿಗೆ ಹೊಸ ಸಾಹಿತ್ಯ ಕಟ್ಟಿದ ಅಣಕು ಹಾಡು ಇರುತ್ತಿತ್ತು.

ಈ ಆಯ್ಕೆಯ ಹಿಂದೆ ಒಂದು ಗಟ್ಟಿಯಾದ ತಿಳಿವಳಿಕೆ ಇದೆ. ಭ್ರಷ್ಟಾಚಾರ ವಿಧಾನಸೌಧದಲ್ಲೋ ಸಚಿವಾಲಯದಲ್ಲೋ ಹುಟ್ಟಿ ಕೆಳಗಿಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಭಟ್ಟಿ ತೋರಿಸಿದ್ದು ಅದು ಊಟದ ಮನೆಯಲ್ಲಿ ಗಂಡ ಹೆಂಡತಿ ಮಾತಾಡಿಕೊಂಡು ಒಪ್ಪಿಕೊಳ್ಳುವ ಸಂಗತಿಯಾಗಿ. ಸುಳ್ಳು ಬಿಲ್ಲನ್ನು ಆ ಮನೆಯಲ್ಲಿ ಯಾರೂ ಕಳವು ಎನ್ನುವುದಿಲ್ಲ, ಸಂಸಾರ ತೂಗಿಸುವ ಜಾಣತನ ಎನ್ನುತ್ತಾರೆ. ನಗುತ್ತಾ ಕೂತ ನೋಡುಗನ ಮನೆಯಲ್ಲೂ ಅಂಥದೇ ಒಂದು ಬಿಲ್ಲು ಇರುತ್ತಿತ್ತು. ಕನ್ನಡ ರಂಗಭೂಮಿಯಲ್ಲಿ ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದ ಸಾವಿರಾರು ಪ್ರದರ್ಶನಗಳಲ್ಲಿ ಅಧಿಕಾರಸ್ಥರನ್ನು ಎದುರಿಗೇ ನಿಲ್ಲಿಸಿ ಝಾಡಿಸಿದರೆ, ಭಟ್ಟಿಯವರದು ದನಿಯೇರಿಸದ, ಮುಖದಲ್ಲಿ ಗೆರೆಯೂ ಕದಲದ ಮಾತುಗಾರಿಕೆ. ಲಂಚ ಕೊಡುವುದನ್ನು ನೇರ ಅಪರಾಧವೆಂದು ಭ್ರಷ್ಟಾಚಾರ ತಡೆ ಕಾಯ್ದೆ ಸ್ಪಷ್ಟವಾಗಿ ಹೇಳಿದ್ದು 2018ರ ತಿದ್ದುಪಡಿಯಲ್ಲಿ. ಕೊಡುವವನ ಪಾಲನ್ನು ಈ ಧಾರಾವಾಹಿ ಅದಕ್ಕೆ ಸುಮಾರು ಮೂರು ದಶಕ ಮೊದಲೇ ಗುರುತಿಸಿತ್ತು.

ಮಾಧ್ಯಮದ ಕಟ್ಟುಪಾಡೂ ಇಲ್ಲಿ ಕೆಲಸ ಮಾಡಿದೆ. ಆಗ ದೂರದರ್ಶನ ಕೇಂದ್ರ ಸರ್ಕಾರದ ನೇರ ಹಿಡಿತದಲ್ಲಿತ್ತು. ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂದದ್ದು 1997ರಲ್ಲಿ. ಮಂತ್ರಿಗಳ ಹೆಸರು ಹಿಡಿದು ಗೇಲಿ ಮಾಡಲು ಅಂಥ ವಾಹಿನಿಯಲ್ಲಿ ಎಡೆ ಇರಲಿಲ್ಲ. ಗುಮಾಸ್ತ, ಲೈನ್‌ಮನ್, ಪ್ರಾಧ್ಯಾಪಕರ ಮೂಲಕವೇ ಆಡಳಿತದ ಮಾತೆತ್ತಬೇಕಿತ್ತು. ಈ ಇಕ್ಕಟ್ಟು ಕೃತಿಗೆ ಒಳ್ಳೆಯದನ್ನೇ ಮಾಡಿತು. ಆ ಕಾಲದ ಮಂತ್ರಿಗಳ ಹೆಸರು ಮರೆತುಹೋದರೂ ಸುಳ್ಳು ಬಿಲ್ಲಿನ ಕಂತು ಇಂದಿಗೂ ಅರ್ಥವಾಗುತ್ತದೆ.

ಇದೆಲ್ಲಕ್ಕಿಂತ ಹೆಚ್ಚಿನ ಗಮನ ಬೇಡುವ ಸಂಗತಿ ಆ ಕಾಲದ ಪಂಜಾಬಿನದು. 1984ರಲ್ಲಿ ದೆಹಲಿ ಮತ್ತಿತರ ಕಡೆ ಸಿಖ್ಖರ ಹತ್ಯಾಕಾಂಡ ನಡೆದಿತ್ತು. 1987ರಿಂದ 1992ರವರೆಗೆ ಪಂಜಾಬಿನಲ್ಲಿ ರಾಷ್ಟ್ರಪತಿ ಆಳ್ವಿಕೆ ಇತ್ತು. ಉಗ್ರರ ಗುಂಡು, ಪೊಲೀಸರ ಗುಂಡು ಎರಡಕ್ಕೂ ಜನ ಬಲಿಯಾಗುತ್ತಿದ್ದರು. ಪೇಟ ಸುತ್ತಿದ ಮನುಷ್ಯನನ್ನು ಬಸ್ಸಿನಲ್ಲಿ, ರೈಲಿನಲ್ಲಿ ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಅದೇ ಹೊತ್ತಿನಲ್ಲಿ ಪೇಟ ಸುತ್ತಿದ ಒಬ್ಬ ಮನುಷ್ಯ ದೇಶದ ಮನೆಮನೆಗೆ ಬಂದು, ಎಲ್ಲರಿಗೂ ಗೊತ್ತಿದ್ದ ಸಂಕಟಗಳನ್ನು ತಣ್ಣಗಿನ ದನಿಯಲ್ಲಿ ಹೇಳಿದ. ಹಿಂದಿ ಸಿನಿಮಾ ಸರ್ದಾರ್ಜಿಯನ್ನು ಬಹುಮಟ್ಟಿಗೆ ನಗೆಪಾಟಲಿನ ಪಾತ್ರವಾಗಿಯೇ ಬಳಸಿಕೊಂಡಿತ್ತು. ಭಟ್ಟಿ ಆ ಪಾತ್ರವನ್ನು ತಿರುವಿ ಹಾಕಿದರು: ಇಲ್ಲಿ ಸಿಖ್ಖನನ್ನು ನೋಡಿ ಜನ ನಗಲಿಲ್ಲ, ಅವನ ಜೊತೆ ಕೂತು ತಮ್ಮನ್ನೇ ನೋಡಿಕೊಂಡು ನಕ್ಕರು. ಭಾರತದ ಕಿರುತೆರೆ ಮಾಡಿದ ಘನವಾದ ಕೆಲಸಗಳಲ್ಲಿ ಇದನ್ನು ಎಣಿಸಬೇಕು. ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಮುಂದೆ ಅವರ ವಿಡಂಬನೆ ನೇರ ರಾಜಕೀಯಕ್ಕೂ ಚಾಚಿತು. 1990ರ ದಶಕದಲ್ಲಿ ಹವಾಲಾ ಹಗರಣ ಸುದ್ದಿಯಲ್ಲಿದ್ದಾಗ ‘ಹವಾಲಾ ಪಾರ್ಟಿ’, ಆರ್ಥಿಕ ಹಿಂಜರಿತದ ನಡುವೆ 2009ರ ಚುನಾವಣೆ ಬಂದಾಗ ‘ರಿಸೆಷನ್ ಪಾರ್ಟಿ’ ಎಂದು ಅಣಕು ಪಕ್ಷಗಳನ್ನು ಹುಟ್ಟುಹಾಕಿದರು. ಅದೇ ವರ್ಷ ಚಂಡೀಗಡದಲ್ಲಿ ಒಂದು ಮಳಿಗೆ ತೆರೆದು ತರಕಾರಿ, ಬೇಳೆ, ಎಣ್ಣೆಯನ್ನು ಸಾಲಾಗಿ ಜೋಡಿಸಿದರು. ಜಾತ್ರೆಯಲ್ಲಿ ಆಡುವಂತೆ ಬಂದವರು ರಿಂಗ್ ಎಸೆಯಬೇಕು, ರಿಂಗ್ ಯಾವುದರ ಸುತ್ತ ಬಿದ್ದರೆ ಅದು ಅವರದು. ಬೆಲೆಯೇರಿಕೆಯಿಂದ ಅಡುಗೆಮನೆಗೆ ಒದಗಿದ ಗತಿಯನ್ನು ಯಾವ ಭಾಷಣವೂ ಇಷ್ಟು ಚೆನ್ನಾಗಿ ಹೇಳಲಾರದು.

ಸಿನಿಮಾಕ್ಕೂ ಅವರು ಇದೇ ದಾರಿಯಲ್ಲಿ ಹೋದರು. 1999ರ ಪಂಜಾಬಿ ಚಿತ್ರ ‘ಮಾಹೌಲ್ ಠೀಕ್ ಹೈ’ ಪೊಲೀಸ್ ವ್ಯವಸ್ಥೆಯನ್ನು ಕುರಿತದ್ದು. ‘ಪವರ್ ಕಟ್’ ಪಂಜಾಬಿನ ವಿದ್ಯುತ್ ಕೊರತೆಯನ್ನು ಕುರಿತದ್ದು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿತವರಿಗೆ ಆ ವಸ್ತು ಹೊಸದಲ್ಲ. ಅದರ ಪ್ರಚಾರಕ್ಕೆ ಊರೂರು ಸುತ್ತುತ್ತಿದ್ದಾಗ, 2012ರ ಅಕ್ಟೋಬರ್ 25ರ ನಸುಕಿನಲ್ಲಿ, ಜಲಂಧರ್ ಜಿಲ್ಲೆಯ ಶಾಹಕೋಟ್ ಬಳಿ ಕಾರು ಅಪಘಾತದಲ್ಲಿ ಭಟ್ಟಿ ತೀರಿಕೊಂಡರು. ಚಿತ್ರ ಮರುದಿನ ತೆರೆಕಂಡಿತು. 2013ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣ ನೀಡಿತು.