ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬುವುದು ಗಿಟ್ಟೀತೇ?

ಮಲೆನಾಡು, ಕೊಡಗುಗಳಲ್ಲಿ ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡಿರುವ ಕೃಷಿಕರು ಅನೇಕರಿದ್ದಾರೆ. ಹೊಡೆದು ಉಳಿದ ಖಾಲಿ ಕೊಳವೆಗೆ ಹೊಸ ಕೇಪು, ಮದ್ದು, ಚರೆ ತುಂಬಿ ಮತ್ತೆ ಬಳಸಿದರೆ ಖರ್ಚು ತಗ್ಗದೇ ಎಂದು ಅವರಲ್ಲಿ ಕೆಲವರು ಕೇಳುವುದುಂಟು. ಅಮೆರಿಕದ ಬೇಟೆಗಾರರು ಹಾಗೆ ಮಾಡುತ್ತಾರಲ್ಲ ಎಂಬ ಮಾತೂ ಜೊತೆಗೆ ಬರುತ್ತದೆ.

ಅವರು ಮಾಡುವುದು ನಿಜ. ರೈಫಲ್ ತೋಟಾದ ಹಿತ್ತಾಳೆ ಕೊಳವೆಯನ್ನು ಹಲವು ಸಲ ಬಳಸಬಹುದು. ಗುರಿ ಅಭ್ಯಾಸಕ್ಕೆಂದೇ ವರ್ಷಕ್ಕೆ ನೂರಾರು ತೋಟಾ ಹಾರಿಸುವವರಿಗೆ ಯಂತ್ರಕ್ಕೂ ತಕ್ಕಡಿಗೂ ಹಾಕಿದ ಹಣ ಕ್ರಮೇಣ ಹಿಂದಿರುಗುತ್ತದೆ. (ಉಳಿದ ಹಣದಲ್ಲಿ ಇನ್ನಷ್ಟು ಹಾರಿಸಿಬಿಡುತ್ತಾರೆ ಎಂಬುದು ಬೇರೆ ಮಾತು.) ನಿಮ್ಮ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 10 ತೋಟಾ ಹೊಡೆಯುತ್ತೀರಿ, ಒಂದೊಂದರಲ್ಲೂ ಅರ್ಧ ಬೆಲೆ ಉಳಿಯಿತು ಎಂದೇ ಇಟ್ಟುಕೊಳ್ಳೋಣ. ಕೈಗೆ ಬಂದದ್ದು 5 ತೋಟಾದ ಹಣ. ಅದರಿಂದ ಯಂತ್ರದ ಸಾಲ ತೀರುವುದು ಯಾವಾಗ?

ಹಣಕ್ಕಿಂತ ಹೆಚ್ಚಿನ ಯೋಚನೆ ಕೈ, ಕಣ್ಣುಗಳದು. ಮದ್ದನ್ನು ತೂಗುವ ಅಳತೆಗೆ ಗ್ರೇನ್ ಎಂದು ಹೆಸರು. ಧಾನ್ಯದ ಕಾಳಿನಿಂದ ಹುಟ್ಟಿದ ತೂಕವಾದ್ದರಿಂದ ರೈತನಿಗೆ ಅದು ನೆಂಟನೇ! ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಯೂರಿಯಾ ಒಂದು ಹಿಡಿ ಹೆಚ್ಚಾದರೆ ಪೈರು ಸೊಕ್ಕೀತು, ಅಷ್ಟೆ. ಹೊಗೆರಹಿತ ಮದ್ದು ಕೆಲವೇ ಗ್ರೇನ್ ಹೆಚ್ಚಾದರೆ ನಳಿಗೆಯೇ ಸೀಳಬಹುದು. ತೀರ ಕಡಿಮೆಯಾದರೂ ಅಪಾಯವೇ: ಒಳಗಿನ ಬಿರಡೆಯೋ ಗುಂಡೋ ನಳಿಗೆಯಲ್ಲೇ ಸಿಕ್ಕಿಕೊಂಡು, ಮುಂದಿನ ಈಡಿಗೆ ನಳಿಗೆ ಒಡೆಯುತ್ತದೆ. ಕೇಪಿನ ಕೋವಿಗೆ ಕರಿಮದ್ದನ್ನು ಅಳತೆಪಾತ್ರೆಯಿಂದ ಸುರಿದು ರೂಢಿಯಾದ ಕೈ ಹೊಗೆರಹಿತ ಮದ್ದನ್ನೂ ಹಾಗೆಯೇ ಸುರಿದೀತೆಂಬುದು ನನ್ನ ದೊಡ್ಡ ಅಂಜಿಕೆ. ಅಜ್ಜನ ಕಾಲದ ಕೋವಿಗಳಲ್ಲಿ ಕೆಲವು ಕರಿಮದ್ದಿಗೆಂದೇ ಮಾಡಿದವು. ಹೊಗೆರಹಿತ ಮದ್ದಿನ ಒತ್ತಡವನ್ನು ಅವು ತಾಳಲಾರವು.

ಕಾನೂನನ್ನೂ ಮರೆಯುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಬೇರೆ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ವರೆಗೆ ವಿಸ್ತರಿಸಿರುವ ವಿನಾಯಿತಿಯನ್ನು ತಯಾರಿಕೆಗೂ ಸೇರಿಸಿ ಓದಬಾರದು. ಕೋವಿ ಇದ್ದ ಮಾತ್ರಕ್ಕೆ ಹಂದಿಗೆ ಹೊಡೆಯುವ ಹಕ್ಕೂ ಬಾರದು. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ಪೈರಿಗೆ ಹಾವಳಿಯಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಬೇಕು.

ಆದ್ದರಿಂದ ತೋಟಾ ತುಂಬುವ ಯಂತ್ರಕ್ಕೆಂದು ತೆಗೆದಿಟ್ಟ ಹಣವಿದ್ದರೆ ಸೌರ ಬೇಲಿಗೆ ಹಾಕಿ ಎನ್ನುತ್ತೇನೆ. ಭತ್ತ ಹಾಲುಗಾಳಾದ ರಾತ್ರಿಗಳಲ್ಲಿ ನೀವು ನಿದ್ದೆ ಹೋದರೂ ಅದು ಎಚ್ಚರವಾಗಿರುತ್ತದೆ. ಕೆಳಗಿನ ತಂತಿ ನೆಲದಿಂದ ಒಂದು ಅಡಿಯೊಳಗಿರಲಿ, ಅದಕ್ಕೆ ತಾಗುವ ಹಳುವನ್ನು ಸವರುತ್ತಿರಿ. ಮನೆಯ ವಿದ್ಯುತ್ತನ್ನು ಮಾತ್ರ ಬೇಲಿಗೆ ಎಂದೂ ಕೊಡಬೇಡಿ.

ತೋಟಾದಲ್ಲಿ ಉಳಿತಾಯ ಬೇಕೆಂದರೆ ಕೊಂಡದ್ದನ್ನು ಕೆಡದಂತೆ ಇಡುವುದೇ ದಾರಿ. ನಮ್ಮ ಮಳೆಗಾಲದ ತೇವಕ್ಕೆ ಕೇಪೂ ಮದ್ದೂ ಕೆಡುತ್ತವೆ. ಹಾಗೆಂದು ಒಲೆಯ ಮೇಲಿನ ಅಟ್ಟದಲ್ಲಿಡುವುದು ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಬೀಗವಿರುವ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ಹಸಿರು ಕಿಲುಬು ಹಿಡಿದ ತೋಟಾವನ್ನು ಕೋವಿಗೆ ಹಾಕಬೇಡಿ.