ದೂರನ್ನು ಓದುವವರು ಯಾರು?

ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಯಂತ್ರವೇ ಕೈಯಾಳಾಗಿ ಒದಗಿದ ಮೇಲೆ ಆ ಉದ್ಯಮದಲ್ಲಿ ಎಲ್ಲಿ ನೋಡಿದರೂ ವೇಗದ್ದೇ ಮಾತು. 2021ರಲ್ಲಿ ಗಿಟ್‌ಹಬ್ ಸಂಸ್ಥೆಯ ಕೊಪೈಲಟ್ ಕಾಣಿಸಿಕೊಂಡಾಗ ಅದು ಬರೆಯುವವನಿಗೆ ಮುಂದಿನ ಸಾಲುಗಳನ್ನು ಸೂಚಿಸುವ ಸಹಾಯಕ ಮಾತ್ರವಾಗಿತ್ತು. ಇಂದಿನ ಸಹಾಯಕಗಳಾದರೋ ಸಾದಾ ಮಾತಿನಲ್ಲಿ ಹೇಳಿದ ಕೆಲಸವನ್ನು ತಾವೇ ಬರೆದು, ಪರೀಕ್ಷಿಸಿ, ತಿದ್ದಿ ಒಪ್ಪಿಸುತ್ತವೆ. ಇದರಿಂದ ಎಷ್ಟು ಮಂದಿಯ ಉದ್ಯೋಗ ಹೋದೀತೆಂಬ ಚರ್ಚೆ ಸಾಕಷ್ಟು ನಡೆದಿದೆ. ಅದನ್ನು ನಾವಿಲ್ಲಿ ಎತ್ತುವುದಿಲ್ಲ. ನಮ್ಮ ಪ್ರಶ್ನೆ ಸಣ್ಣದು. ಕೊಟ್ಟ ಸಾಮಾನು ಸರಿಯಿಲ್ಲವೆಂದು ಗಿರಾಕಿ ಬರೆಯುವ ದೂರನ್ನು ಇನ್ನು ಮುಂದೆ ಓದುವವರು ಯಾರು?

ಹಿಂದೆ ಒಂದು ದೋಷವನ್ನು ಸರಿಪಡಿಸಲು ದಿನಗಟ್ಟಲೆ ಹಿಡಿಯುತ್ತಿತ್ತು. ಆದುದರಿಂದಲೇ ದೂರು ನಿಜವೇ, ತೊಂದರೆಯಾದುದು ಯಾರಿಗೆ, ಯಾವ ಸಂದರ್ಭದಲ್ಲಿ ಎಂದು ಯಾರಾದರೊಬ್ಬರು ವಿಚಾರಿಸುತ್ತಿದ್ದರು. ಈಗ ಅನೇಕ ಕಡೆ ದೂರುಗಳ ರಾಶಿಯನ್ನು ಒಂದು ಯಂತ್ರ ವಿಂಗಡಿಸಿ ಸಾರಾಂಶ ಬರೆಯುತ್ತದೆ. ಅದನ್ನು ನೋಡಿ ಇನ್ನೊಂದು ಯಂತ್ರ ಕೋಡ್ ತಿದ್ದುತ್ತದೆ. ಮತ್ತೊಂದು ಉತ್ತರ ಬರೆಯುತ್ತದೆ. ಈ ಹಾದಿಯಲ್ಲಿ ದೂರು ಕೊಟ್ಟವನೊಬ್ಬನೇ ಮನುಷ್ಯನಾಗಿ ಉಳಿಯುವ ಸಂಭವ ಬಂದಿದೆ.

ಇದು ಬರಿಯ ಶಂಕೆಯೆಂದು ಭಾವಿಸಬೇಕಾಗಿಲ್ಲ. ಕರ್ಸರ್ ಎಂಬ ಹೆಸರಾಂತ ಕೋಡಿಂಗ್ ಸಹಾಯಕದ ಗಿರಾಕಿಗಳಿಗೆ 2025ರ ಎಪ್ರಿಲಿನಲ್ಲಿ ಒಂದು ವಿಚಿತ್ರ ಅನುಭವವಾಯಿತು. ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಹೋದೊಡನೆ ಅವರು ಖಾತೆಯಿಂದ ಹೊರಬೀಳುತ್ತಿದ್ದರು. ಯಾಕೆಂದು ಕೇಳಿ ಬರೆದವರಿಗೆ 'ಸ್ಯಾಮ್' ಎಂಬ ಹೆಸರಿನಲ್ಲಿ ಉತ್ತರ ಬಂತು: ಇದು ಹೊಸ ನಿಯಮವಂತೆ. ಅಂಥ ನಿಯಮವೇ ಇರಲಿಲ್ಲ! ಸ್ಯಾಮ್ ಮನುಷ್ಯನೂ ಆಗಿರಲಿಲ್ಲ. ಸಿಟ್ಟಾದ ಗಿರಾಕಿಗಳು ಚಂದಾ ರದ್ದುಮಾಡತೊಡಗಿದ ಮೇಲೆ ಸಂಸ್ಥೆಯ ಸ್ಥಾಪಕರಲ್ಲೊಬ್ಬರು ಬಹಿರಂಗವಾಗಿ ಕ್ಷಮೆ ಯಾಚಿಸಿದರು. ನಿಜವಾದ ದೋಷವೊಂದರ ದೂರನ್ನು ಇಲ್ಲದ ನಿಯಮದಿಂದ ಮುಚ್ಚಿಹಾಕಲಾಗಿತ್ತು. ಕೋಡ್ ಬರೆಯುವ ಯಂತ್ರವನ್ನೇ ಮಾರುವವರ ಅಂಗಡಿಯಲ್ಲಿ ಹೀಗಾದರೆ ಉಳಿದವರ ಪಾಡನ್ನು ಊಹಿಸಬಹುದು.

ದೂರು ಕೊಡುವ ಕಡೆಯಲ್ಲಿಯೂ ಯಂತ್ರ ಬಂದು ಕೂತಿದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕರ್ಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಭದ್ರತಾ ದೋಷ ತೋರಿಸಿದವರಿಗೆ 2019ರಿಂದ ಬಹುಮಾನ ಕೊಡುತ್ತಿದ್ದರು. ಬಹುಮಾನದ ಆಸೆಗೆ ಯಂತ್ರದಿಂದ ಬರೆಸಿದ, ನೋಡಲು ಪಾಂಡಿತ್ಯಪೂರ್ಣವಾದ, ಒಳಗೆ ಹುರುಳಿಲ್ಲದ ವರದಿಗಳು ಬಂದು ಬಿದ್ದು, ಓದುವವರು ಹೈರಾಣಾಗಿ 2026ರ ಜನವರಿಯ ಕೊನೆಗೆ ಆ ಬಹುಮಾನವನ್ನೇ ನಿಲ್ಲಿಸಿದರು. ಅದೇ ಯೋಜನೆಗೆ 2025ರಲ್ಲಿ, ಯಂತ್ರವನ್ನು ವಿವೇಕದಿಂದ ಬಳಸಿದವರಿಂದ ನಿಜವಾದ ದೋಷಗಳ ಉದ್ದದ ಪಟ್ಟಿಯೂ ಬಂದಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ಈ ಸಂಗತಿ ಗಡಿನಾಡಿನ ಕನ್ನಡಿಗರಾದ ನಮಗೆ ಹೇಗೆ ತಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಅರ್ಜಿಯೊಂದರಲ್ಲಿ ಹೆಸರಿಗೆ 15 ಅಕ್ಷರಗಳ ಮಿತಿ ಇದೆಯೆಂದಿಟ್ಟುಕೊಳ್ಳಿ. 'ಲಕ್ಷ್ಮೀನಾರಾಯಣ ಭಟ್ಟ' ಎಂಬುದನ್ನು ನಾವು ಎಣಿಸಿದರೆ ಎಂಟೇ ಅಕ್ಷರ. ಗಣಕಯಂತ್ರದ ಯೂನಿಕೋಡ್ ಲೆಕ್ಕದಲ್ಲಿ 'ಲಕ್ಷ್ಮೀ' ಒಂದೇ ಏಳಾಗುತ್ತದೆ, ಒತ್ತು ಕೊಂಬುಗಳೆಲ್ಲ ಬೇರೆ ಬೇರೆ. ನಡುವಿನ ಖಾಲಿ ಜಾಗವೂ ಸೇರಿ ಪೂರ್ತಿ ಹೆಸರು 18. ಆದಕಾರಣ ಭಟ್ಟರು 'ಲಕ್ಷ್ಮೀನಾರಾಯಣ ಭ' ಆಗಿಬಿಡುತ್ತಾರೆ. ಹೆಸರು ಕತ್ತರಿಸಿಹೋಗಿದೆಯೆಂದು ಅವರು ದೂರಿಟ್ಟರೆ 'ಹೆಸರಿನ ಜಾಗ ಸಾಲದು' ಎಂದು ಸಾರಾಂಶ ಹೊರಡುತ್ತದೆ, ಯಂತ್ರ 15ನ್ನು 20 ಮಾಡುತ್ತದೆ, ಕಡತ ಮುಕ್ತಾಯವಾಗುತ್ತದೆ. ಇನ್ನೂ ಉದ್ದ ಹೆಸರಿನವರು ಬಂದಾಗ ಮತ್ತದೇ ಪಾಡು. ಎಣಿಸುವ ಕ್ರಮವೇ ತಪ್ಪೆಂಬುದು ಕನ್ನಡ ಓದಬಲ್ಲ ಒಬ್ಬರು ಮೂಲ ಕಾಗದವನ್ನು ನೋಡಿದ್ದರೆ ಕೂಡಲೇ ಹೊಳೆಯುತ್ತಿತ್ತು.

ಇದಕ್ಕಿಂತಲೂ ಹೆಚ್ಚಿನ ಭಯ ಸಂಖ್ಯೆಯದು. ಸಾರಾಂಶ ಮಾಡುವಾಗ ಹೆಚ್ಚು ಮಂದಿ ಹೇಳಿದ್ದು ಮೇಲೆ ಬರುತ್ತದೆ, ಒಬ್ಬಿಬ್ಬರು ಹೇಳಿದ್ದು ತಳಕ್ಕೆ ಹೋಗುತ್ತದೆ. ಮಂಜೇಶ್ವರದಿಂದಲೋ ಬದಿಯಡ್ಕದಿಂದಲೋ ಕನ್ನಡದಲ್ಲಿ ಬರೆದವರ ದೂರು ಲಕ್ಷದಲ್ಲೊಂದು. 671ರಿಂದ ಆರಂಭವಾಗುವ ಪಿನ್‌ಕೋಡ್ ಕಂಡೊಡನೆ ಭಾಷೆ ಮಲಯಾಳವೆಂದು ಯಂತ್ರ ನಿಶ್ಚಯಿಸಿಬಿಟ್ಟರಂತೂ ಆ ಒಂದು ಸಹ ಲೆಕ್ಕಕ್ಕೆ ಸಿಕ್ಕದು. ಕೇರಳದ 1969ರ ಆಡಳಿತಭಾಷಾ ಕಾಯಿದೆಯು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ, ಉತ್ತರವನ್ನೂ ಕನ್ನಡದಲ್ಲೇ ಪಡೆಯುವ ಅವಕಾಶವನ್ನಿತ್ತಿದೆ. ಅದರ ಪಾಲನೆಯ ಬಗ್ಗೆ ನಮ್ಮ ತಕರಾರುಗಳು ಬೇರೆ ಇವೆ. ಆದರೆ ಕಾಯಿದೆಯೆಂದು ತೋರಿಸಲು ಒಂದು ಕಾಗದವಾದರೂ ಇದೆ. ಖಾಸಗಿ ಕಂಪೆನಿಯ ದೂರುಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ.

ಯಂತ್ರವನ್ನು ಹೊರಗಿಡಿ ಎಂದು ನಾವು ಹೇಳುತ್ತಿಲ್ಲ. ಸಾವಿರಾರು ದೂರುಗಳನ್ನು ವಿಂಗಡಿಸಲು ಅದು ಬೇಕು. ಸಾರಾಂಶದ ಜೊತೆಗೆ ಗಿರಾಕಿಯ ಮೂಲ ಮಾತು, ಅವನ ಭಾಷೆಯಲ್ಲಿಯೇ, ಕೋಡ್ ತಿದ್ದುವವರ ಕಣ್ಣೆದುರಿಗಿರಬೇಕು. ತಿದ್ದಲು ಹೇಳುವ ಮೊದಲು ಆ ದೋಷವನ್ನು ಒಬ್ಬ ಮನುಷ್ಯ ತಾನೇ ಮಾಡಿ ನೋಡಬೇಕು. ತಿದ್ದಿದ ಬಳಿಕ ಸರಿಹೋಯಿತೇ ಎಂದು ದೂರಿತ್ತವನನ್ನೇ ಕೇಳಬೇಕು. ಉತ್ತರ ಬರೆದದ್ದು ಯಂತ್ರವಾದರೆ ಹಾಗೆಂದು ತಿಳಿಸತಕ್ಕದ್ದು. ದೂರಿನೊಳಗೆ ಫೋನ್ ನಂಬ್ರ, ಬ್ಯಾಂಕ್ ಖಾತೆಗಳೂ ಇರುತ್ತವೆ. ಅವನ್ನೆಲ್ಲ ಹಾಗೆಯೇ ಹೊರಗಿನ ಯಂತ್ರಕ್ಕೆ ಸುರಿಯುವುದು ಸಲ್ಲದು. ದೂರಿನ ನೆಪದಲ್ಲಿ ಯಂತ್ರಕ್ಕೆ ಗುಟ್ಟಾಗಿ ಆಜ್ಞೆ ಬರೆದು ಕಳಿಸುವ ಕಿಡಿಗೇಡಿಗಳೂ ಇದ್ದಾರೆ. ಇಷ್ಟಕ್ಕೆಲ್ಲ ಸಮಯವೆಲ್ಲಿ ಎನ್ನುವವರಿಗೆ ನಮ್ಮ ಪ್ರಶ್ನೆ: ಕೋಡ್ ಬರೆಯುವುದರಲ್ಲಿ ಉಳಿಯಿತೆಂದು ಹೇಳುವ ಸಮಯ ಎಲ್ಲಿಗೆ ಹೋಯಿತು?

ನಮ್ಮ ಜಿಲ್ಲೆಯ ಎಷ್ಟೋ ತರುಣ ತರುಣಿಯರು ಬೆಂಗಳೂರು, ಮಂಗಳೂರು, ಕೊಚ್ಚಿಗಳಲ್ಲಿ ಇದೇ ಕೆಲಸದಲ್ಲಿದ್ದಾರೆ. ಕನ್ನಡವನ್ನೂ ಮಲಯಾಳವನ್ನೂ ಓದಬಲ್ಲ ಅವರು ತಮ್ಮ ಕಂಪೆನಿಯ ದೂರುಪಟ್ಟಿಯ ತಳಭಾಗವನ್ನು ವಾರಕ್ಕೊಮ್ಮೆಯಾದರೂ ತೆರೆದು ನೋಡಲಿ. ಊರಿನಲ್ಲಿರುವ ನಾವು, ಸಿಟ್ಟಿನಿಂದ ಒಂದು ನಕ್ಷತ್ರ ಒತ್ತಿ ಸುಮ್ಮನಾಗದೆ, ಏನು ಮಾಡುವಾಗ ಏನಾಯಿತೆಂಬುದನ್ನು ಕನ್ನಡ ಲಿಪಿಯಲ್ಲೇ ನಾಲ್ಕು ಸಾಲು ಬರೆಯೋಣ. ಉತ್ತರ ಬೇರೆ ಭಾಷೆಯಲ್ಲಿ ಬಂದರೆ ಅದನ್ನೂ ಇನ್ನೊಂದು ದೂರಾಗಿ ಕಳಿಸೋಣ.